ಕ್ಷಿಪಣಿ ಕಟ್ಟಿದ ಜನರಲ್, ಲೆಕ್ಕ ತಿದ್ದಿದ ಕ್ಯಾಮೆರಾ

ಜಾಲಹಳ್ಳಿಯ ಏರ್‌ಫೋರ್ಸ್ ಕಾಂಪೌಂಡ್ ಪಕ್ಕ ಬೆಳೆದ ನನ್ನಂಥವರಿಗೆ ವಾಯುಪಡೆಯ ಅಧಿಕಾರಿ ಅಂದರೆ ವಿಮಾನ ಹಾರಿಸುವವರು, ಅಷ್ಟೇ. ನೀಲಿ ಯೂನಿಫಾರ್ಮ್, ಎದೆ ಮೇಲೆ ರೆಕ್ಕೆಯ ಬ್ಯಾಡ್ಜು, ಅದೇ ನಮ್ಮ ಕಣ್ಣಿಗೆ ಕಟ್ಟಿದ್ದ ಚಿತ್ರ. ಆದ್ದರಿಂದಲೇ ಬರ್ನಾರ್ಡ್ ಶ್ರೀವರ್ ಅವರ ಬದುಕು ನನ್ನನ್ನು ಇಷ್ಟು ಹಿಡಿದಿಟ್ಟಿದ್ದು. ಅವರೂ ಪೈಲಟ್ಟೇ. ಆದರೆ ಪೈಲಟ್ ಬೇಕಿಲ್ಲದ ಆಯುಧ ಕಟ್ಟುವುದಕ್ಕೇ ತಮ್ಮ ಕೆಲಸದ ಬದುಕಿನ ದೊಡ್ಡ ಪಾಲು ಕೊಟ್ಟರು. ಅಮೆರಿಕದ ಅಟ್ಲಾಸ್, ಥಾರ್, ಟೈಟನ್, ಮಿನಿಟ್‌ಮ್ಯಾನ್ ಕ್ಷಿಪಣಿಗಳು ಅವರ ಮೇಲ್ವಿಚಾರಣೆಯಲ್ಲಿ ಹುಟ್ಟಿದವು. ನಾಲ್ಕು ನಕ್ಷತ್ರದ ಜನರಲ್ ಆಗಿ 1966ರಲ್ಲಿ ನಿವೃತ್ತರಾದರು.

ಅವರ ಹೆಸರು ಬಂದಾಗೆಲ್ಲ ಮಾತು ಈ ಕ್ಷಿಪಣಿಗಳ ಸುತ್ತಲೇ ಸುತ್ತುತ್ತದೆ. ನನಗೋ, ಅದೇ ಕಚೇರಿಯ ನೆರಳಲ್ಲಿ ಗುಟ್ಟಾಗಿ ಬೆಳೆದ ಒಂದು ಕ್ಯಾಮೆರಾ ಅದಕ್ಕಿಂತ ದೊಡ್ಡ ಕೆಲಸ ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಮೊದಲಿಂದಲೇ ಹೇಳಬೇಕು.

ಶ್ರೀವರ್ ಹುಟ್ಟಿದ್ದು ಜರ್ಮನಿಯ ಬ್ರೆಮೆನ್ ಊರಿನಲ್ಲಿ, 1910ರ ಸೆಪ್ಟೆಂಬರ್ 14ರಂದು. ಅಪ್ಪ ಹಡಗಿನ ಎಂಜಿನಿಯರ್. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅಪ್ಪನ ಹಡಗು ನ್ಯೂಯಾರ್ಕ್ ಬಂದರಿನಲ್ಲೇ ಸಿಕ್ಕಿಹಾಕಿಕೊಂಡಿತು. 1917ರ ಆರಂಭದಲ್ಲಿ ತಾಯಿ ಎಲಿಜಬೆತ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಡಚ್ ಹಡಗೊಂದರಲ್ಲಿ ಗಂಡ ಇರುವಲ್ಲಿಗೆ ಬಂದರು. ಸ್ವಲ್ಪ ದಿನಕ್ಕೇ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಮನೆಮಂದಿ ಟೆಕ್ಸಾಸಿನ ನ್ಯೂ ಬ್ರೌನ್‌ಫೆಲ್ಸ್ ಸೇರಿದರು. ಅಲ್ಲಿ ಜರ್ಮನ್ ಮಾತಾಡುವವರೇ ಜಾಸ್ತಿ ಇದ್ದರು. ಮರುವರ್ಷ ಕೆಲಸದ ಜಾಗದಲ್ಲಿ ಆದ ಅಪಘಾತದಲ್ಲಿ ಅಪ್ಪ ತೀರಿಕೊಂಡರು. ಭಾಷೆ ಸರಿಯಾಗಿ ಬಾರದ ದೇಶ, ಇಬ್ಬರು ಸಣ್ಣ ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಆ ತಾಯಿ ಸಾನ್ ಆಂಟೋನಿಯೋದ ಗಾಲ್ಫ್ ಮೈದಾನದ ಬಳಿ ಸ್ಯಾಂಡ್‌ವಿಚ್ ಅಂಗಡಿ ಇಟ್ಟು ಮಕ್ಕಳನ್ನು ಸಾಕಿದರು. ಹುಡುಗ ಅಲ್ಲೇ ಗಾಲ್ಫ್ ಕಲಿತ, ಚೆನ್ನಾಗಿಯೇ ಕಲಿತ. 1923ರಲ್ಲಿ ಅಮೆರಿಕದ ಪ್ರಜೆಯಾದ. 1931ರಲ್ಲಿ ಟೆಕ್ಸಾಸ್ ಎ ಅಂಡ್ ಎಮ್ ಕಾಲೇಜಿನಿಂದ ಎಂಜಿನಿಯರಿಂಗ್ ಮುಗಿಸಿ, ಸೈನ್ಯದ ದಾರಿ ಹಿಡಿದು, 1933ರಲ್ಲಿ ಪೈಲಟ್ ಆದ.

1934ರಲ್ಲಿ ನಡೆದದ್ದು ಅವರ ಮುಂದಿನ ಬದುಕಿಗೆ ದಿಕ್ಕು ತೋರಿಸಿತು ಅನ್ನುವುದು ನನ್ನ ನಂಬಿಕೆ. ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ಏರ್‌ಮೇಲ್ ಗುತ್ತಿಗೆಗಳನ್ನು ಒಮ್ಮೆಲೇ ರದ್ದು ಮಾಡಿ, ಟಪಾಲು ಸಾಗಿಸುವ ಕೆಲಸವನ್ನು ಸೈನ್ಯದ ಪೈಲಟ್‌ಗಳ ತಲೆಗೆ ಕಟ್ಟಿದರು. ಕೊರೆಯುವ ಚಳಿಗಾಲ. ಮೇಲೆ ಮುಚ್ಚಿಗೆಯಿಲ್ಲದ ಕಾಕ್‌ಪಿಟ್‌ಗಳು. ಕತ್ತಲಲ್ಲಿ, ಮೋಡದಲ್ಲಿ ದಾರಿ ತೋರಿಸುವ ಉಪಕರಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಶ್ರೀವರ್ ಕೂಡ ಆ ಟಪಾಲು ವಿಮಾನಗಳನ್ನು ಹಾರಿಸಿದವರೇ. ಸತ್ತವರಿಗೆ ಧೈರ್ಯ ಕಡಿಮೆ ಇರಲಿಲ್ಲ, ಯಂತ್ರ ಸರಿ ಇರಲಿಲ್ಲ. ಇದನ್ನು ಇಪ್ಪತ್ತಮೂರರ ವಯಸ್ಸಿನಲ್ಲಿ ಕಣ್ಣಾರೆ ಕಂಡವರು ಮುಂದೆ ಸೈನ್ಯವನ್ನು ನೋಡುವ ರೀತಿಯೇ ಬೇರೆಯಾಗಿರುತ್ತದೆ, ಅಲ್ವಾ?

ಆಗ ಅವರಿಗೆ ಮೇಲಧಿಕಾರಿಯಾಗಿದ್ದವರು ಹ್ಯಾಪ್ ಆರ್ನಲ್ಡ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಇಡೀ ವಾಯುಸೇನೆಯನ್ನು ನಡೆಸಿದವರು ಇವರೇ. ನಡುವೆ ಶ್ರೀವರ್ ಒಂದು ವರ್ಷ ವಿಮಾನ ಕಂಪನಿಯ ಕೆಲಸಕ್ಕೆ ಹೋಗಿ ಮತ್ತೆ ಸೈನ್ಯಕ್ಕೆ ಬಂದರು. 1938ರಲ್ಲಿ ಮದುವೆಯಾದದ್ದು ಆರ್ನಲ್ಡ್ ಅವರ ಮನೆಯಲ್ಲೇ. 1942ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನೇರ ಪೆಸಿಫಿಕ್ ಯುದ್ಧಭೂಮಿಗೆ ಹೋದರು. ಬಾಂಬರ್ ಹಾರಿಸಿದರು, ಆಮೇಲೆ ವಿಮಾನಗಳ ರಿಪೇರಿ, ಸರಬರಾಜು ನೋಡಿಕೊಂಡರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆರ್ನಲ್ಡ್ ಅವರಿಗೆ ವಿಚಿತ್ರವಾದ ಕೆಲಸವೊಂದನ್ನು ಕೊಟ್ಟರು: ಯುದ್ಧಕಾಲದಲ್ಲಿ ಸೈನ್ಯದ ಜತೆ ದುಡಿದ ವಿಜ್ಞಾನಿಗಳು ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದು. ಪದಕ ಬರುವ ಕೆಲಸವಲ್ಲ ಅದು. ಪ್ರೊಫೆಸರುಗಳ ಜತೆ ಕೂತು ಅವರ ಮಾತು ತಾಳ್ಮೆಯಿಂದ ಕೇಳಬೇಕು, ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳಬೇಕು, ಆಮೇಲೆ ಅದನ್ನು ಜನರಲ್‌ಗಳಿಗೆ ತಲುಪಿಸಬೇಕು. ಶ್ರೀವರ್ ಇದನ್ನು ಮನಸ್ಸಿಟ್ಟು ಮಾಡಿದರು.

ಅದರ ಫಲ ಸಿಕ್ಕಿದ್ದು 1953ರಲ್ಲಿ. ಅಲಬಾಮಾದ ಮ್ಯಾಕ್ಸ್‌ವೆಲ್ ವಾಯುನೆಲೆಯಲ್ಲಿ ವಿಜ್ಞಾನ ಸಲಹಾ ಮಂಡಳಿಯ ಸಭೆ. ಮಾತಾಡಿದವರು ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ಟೆಲ್ಲರ್. ಹಿಂದಿನ ನವೆಂಬರ್‌ನಲ್ಲಷ್ಟೇ ಅಮೆರಿಕ ಪೆಸಿಫಿಕ್‌ನ ದ್ವೀಪವೊಂದರಲ್ಲಿ ಮೊದಲ ಹೈಡ್ರೋಜನ್ ಬಾಂಬು ಸಿಡಿಸಿತ್ತು. ಅದನ್ನು ಬಾಂಬು ಅನ್ನುವುದೇ ಕಷ್ಟ, ತಣ್ಣಗಿಡುವ ಯಂತ್ರವೂ ಸೇರಿ ಹತ್ತಾರು ಟನ್ ತೂಗುವ ಒಂದು ಕಟ್ಟಡ ಅದು. ಈ ಇಬ್ಬರೂ ಹೇಳಿದ್ದು, ಕೆಲವೇ ವರ್ಷಗಳಲ್ಲಿ ಅದೇ ಬಾಂಬು ಒಂದು ಟನ್‌ಗಿಂತ ಕಡಿಮೆ ತೂಕಕ್ಕೆ ಇಳಿಯುತ್ತದೆ ಅಂತ. ಕೂತಿದ್ದವರಲ್ಲಿ ಶ್ರೀವರ್ ಅವರಿಗೆ ಅದರ ಅರ್ಥ ತಕ್ಷಣ ಹೊಳೆಯಿತು.

ರಾಕೆಟ್ಟಿನ ಲೆಕ್ಕದಲ್ಲಿ ಎಲ್ಲವೂ ತಲೆಯ ತೂಕದ ಮೇಲೆ ನಿಂತಿದೆ. ಸಿಡಿತಲೆ ಭಾರವಾದರೆ ಅದನ್ನು ಹೊರಲು ಇಂಧನ ಜಾಸ್ತಿ ಬೇಕು, ಆ ಇಂಧನ ಹೊರಲು ಇನ್ನಷ್ಟು ಇಂಧನ ಬೇಕು. ಭಾರದ ಬಾಂಬಿಗೆ ಅಂತ ಯೋಚಿಸಿದ್ದ ಅಟ್ಲಾಸ್ ರಾಕೆಟ್ಟಿಗೆ ಐದು ಎಂಜಿನ್ ಬೇಕಾಗಿತ್ತು. ಸಿಡಿತಲೆ ಹಗುರವಾದ ಮೇಲೆ ಮೂರು ಸಾಕಾಯಿತು. ಇನ್ನೊಂದು ಲಾಭವೂ ಇತ್ತು. ಬಾಂಬಿನ ಶಕ್ತಿ ಅಷ್ಟು ದೊಡ್ಡದಾದರೆ ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಹಾಗಾಗಿ ದಾರಿ ತೋರಿಸುವ ಯಂತ್ರ ಅಷ್ಟೊಂದು ನಿಖರವಾಗಿರಬೇಕಿಲ್ಲ. ಈ ಎರಡನೇ ವಾಕ್ಯವನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಗುರಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ ಅಂದರೆ, ಕೆಳಗೆ ಒಂದು ಇಡೀ ನಗರ ಇರುತ್ತದೆ ಅಂತ ಅರ್ಥ.

ಆಮೇಲೆ ಶ್ರೀವರ್ ಪ್ರಿನ್ಸ್‌ಟನ್‌ಗೆ ಹೋಗಿ ಫಾನ್ ನಾಯ್ಮನ್ ಅವರನ್ನು ಕಂಡು, ಲೆಕ್ಕವನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ವಾಯುಪಡೆಯ ಕಾರ್ಯದರ್ಶಿಗೆ ಸಹಾಯಕರಾಗಿದ್ದ ಟ್ರೆವರ್ ಗಾರ್ಡ್‌ನರ್ ಒಂದು ಸಮಿತಿ ಮಾಡಿ, ಅದಕ್ಕೆ ಫಾನ್ ನಾಯ್ಮನ್ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. 1954ರ ಫೆಬ್ರವರಿಯಲ್ಲಿ ಸಮಿತಿ ವರದಿ ಕೊಟ್ಟಿತು: ಮನಸ್ಸು ಮಾಡಿದರೆ ಸುಮಾರು ಆರು ವರ್ಷದಲ್ಲಿ ಖಂಡಾಂತರ ಕ್ಷಿಪಣಿ ಸಾಧ್ಯ, ಆದರೆ ಈಗಿನ ಕೆಲಸದ ರೀತಿಯಲ್ಲಿ ಆಗುವುದಿಲ್ಲ. ಆ ಮಾತಿನ ಎರಡನೇ ಭಾಗವೇ ಶ್ರೀವರ್ ಅವರ ನಿಜವಾದ ಕೆಲಸವಾಯಿತು.

1954ರ ಆಗಸ್ಟ್‌ನಲ್ಲಿ ಅವರು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ ಹೊಸ ಕಚೇರಿಯ ಹೊಣೆ ಹೊತ್ತರು. ವೆಸ್ಟರ್ನ್ ಡೆವಲಪ್‌ಮೆಂಟ್ ಡಿವಿಷನ್ ಅಂತ ಏನೂ ಹೇಳದ ಹೆಸರು. ಜಾಗ ಕ್ಯಾಥೊಲಿಕ್ ಚರ್ಚಿನ ಹಳೇ ಶಾಲೆ. ಅಧಿಕಾರಿಗಳು ಗುರುತು ಸಿಗದಿರಲಿ ಅಂತ ಯೂನಿಫಾರ್ಮ್ ಹಾಕದೆ ಸಾದಾ ಬಟ್ಟೆಯಲ್ಲಿ ಬರುತ್ತಿದ್ದರು. ಇದನ್ನು ಓದಿದಾಗ ಕೇರಳದಲ್ಲಿರುವ ನಮ್ಮ 'ತುಂಬಾ' ರಾಕೆಟ್ ಕೇಂದ್ರ ನೆನಪಾಗದೆ ಇರುವುದಿಲ್ಲ. ಅಲ್ಲೂ 1963ರಲ್ಲಿ ಮೇರಿ ಮ್ಯಾಗ್ದಲೀನ್ ಚರ್ಚು ಮತ್ತು ಬಿಷಪ್ಪರ ಮನೆಯಲ್ಲೇ ನಮ್ಮ ರಾಕೆಟ್ ಕೆಲಸ ಶುರುವಾದದ್ದು. ಅಲ್ಲಿಂದ ಹಾರಿದ್ದು ವಾತಾವರಣ ಅಳೆಯುವ ಸಣ್ಣ ರಾಕೆಟ್ಟು, ಇಲ್ಲಿ ಕಟ್ಟುತ್ತಿದ್ದದ್ದು ಬೇರೆಯೇ ವಸ್ತು.

ಶ್ರೀವರ್ ಮೊದಲು ಮಾಡಿದ ಕೆಲಸ, ಇಡೀ ಕ್ಷಿಪಣಿಯನ್ನು ಒಂದೇ ವಿಮಾನ ಕಂಪನಿಗೆ ಒಪ್ಪಿಸದೆ ಇದ್ದದ್ದು. ಸೈಮನ್ ರೇಮೋ ಮತ್ತು ಡೀನ್ ವುಲ್ಡ್ರಿಜ್ ಎಂಬ ಇಬ್ಬರು ಎಂಜಿನಿಯರುಗಳ ಹೊಸ ಕಂಪನಿಗೆ ಒಟ್ಟು ವ್ಯವಸ್ಥೆಯ ತಾಂತ್ರಿಕ ಹೊಣೆ ಕೊಟ್ಟರು. ಎಂಜಿನ್, ದಾರಿ ತೋರಿಸುವ ಯಂತ್ರ, ವಾತಾವರಣಕ್ಕೆ ಮರಳುವಾಗಿನ ಬೆಂಕಿಯಂಥ ಬಿಸಿ ತಡೆಯುವ ಮೂತಿ, ಹೀಗೆ ಕಷ್ಟದ ಭಾಗಗಳಿಗೆಲ್ಲ ಇಬ್ಬಿಬ್ಬರು ತಯಾರಕರು. ಒಬ್ಬರು ಎಡವಿದರೆ ಇನ್ನೊಬ್ಬರು ಇರಲಿ ಅಂತ. ಅಟ್ಲಾಸ್ ಕೈಕೊಟ್ಟರೆ ಅಂತ ಇಡೀ ಕ್ಷಿಪಣಿಯನ್ನೇ ಇನ್ನೊಂದು ಮಾಡಿಸಿದರು, ಅದೇ ಟೈಟನ್. ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಹಳೇ ಕ್ರಮವನ್ನೂ ಬಿಟ್ಟರು. ಕ್ಷಿಪಣಿ ಇನ್ನೂ ಪರೀಕ್ಷೆಯಲ್ಲಿರುವಾಗಲೇ ಕಾರ್ಖಾನೆ, ಉಡಾವಣಾ ಕಟ್ಟೆ, ಸಿಬ್ಬಂದಿಯ ತರಬೇತಿ ಎಲ್ಲ ಒಟ್ಟೊಟ್ಟಿಗೆ ನಡೆಯುತ್ತಿತ್ತು. ದುಡ್ಡು ನೀರಿನಂತೆ ಹರಿಯಿತು. ಸಮಯ ಉಳಿಯಿತು.

ಕಾಗದದ ಕಾಟವೂ ಇತ್ತು. ಒಂದೊಂದು ನಿರ್ಧಾರಕ್ಕೂ ವಾಷಿಂಗ್ಟನ್‌ನ ಸುಮಾರು 40 ಕಡೆ ಒಪ್ಪಿಗೆ ಬೇಕಾಗುತ್ತಿತ್ತು. ಶ್ರೀವರ್ ಅದನ್ನೆಲ್ಲ ಒಂದು ದೊಡ್ಡ ನಕ್ಷೆಯಲ್ಲಿ ಬರೆಸಿ ಮೇಲಿನವರ ಮುಂದಿಟ್ಟರು. ನೋಡಿದವರಿಗೆ ವಾದ ಮಾಡಲು ಏನೂ ಉಳಿಯಲಿಲ್ಲ. 1955ರಲ್ಲಿ ಆ ಪಟ್ಟಿ ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು. ಅದೇ ವರ್ಷ ಜುಲೈನಲ್ಲಿ ಅವರು, ಗಾರ್ಡ್‌ನರ್ ಮತ್ತು ಫಾನ್ ನಾಯ್ಮನ್ ಸೇರಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ವಿಷಯ ಒಪ್ಪಿಸಿದರು. ಸೆಪ್ಟೆಂಬರ್‌ನಲ್ಲಿ ಖಂಡಾಂತರ ಕ್ಷಿಪಣಿಗೆ ದೇಶದ ಅತಿ ಮುಖ್ಯ ಕೆಲಸ ಅನ್ನುವ ಮುದ್ರೆ ಬಿತ್ತು.

ನನಗೆ ತುಂಬ ಹಿಡಿಸಿದ್ದು ಅವರ ತಿಂಗಳ ಪರಿಶೀಲನಾ ಸಭೆ. ಅದನ್ನು ಅಲ್ಲಿನವರು 'ಕಪ್ಪು ಶನಿವಾರ' ಅಂತ ಕರೆಯುತ್ತಿದ್ದರು. ಎಲ್ಲಿ ಏನು ಕೆಟ್ಟಿದೆ, ಯಾವುದು ತಡವಾಗಿದೆ ಅನ್ನುವುದನ್ನು ಅಲ್ಲಿ ಬಿಚ್ಚಿಡಬೇಕು. ತೊಂದರೆ ಇರುವುದಕ್ಕೆ ಬೈಗುಳವಿಲ್ಲ, ಮುಚ್ಚಿಟ್ಟರೆ ಮಾತ್ರ ಕಷ್ಟ. ನಾನು ಹಿಂದೆ ದುಡಿದ ಒಂದು ಕಡೆ ಇದಕ್ಕೆ ಸರಿಯಾಗಿ ಉಲ್ಟಾ ಇತ್ತು. ಪ್ರತಿ ವಾರದ ಪಟ್ಟಿಯಲ್ಲಿ ಎಲ್ಲ ಸಾಲೂ ಹಸಿರು. ಕೆಳಗಿನವರು ಕೆಂಪು ಅಂದದ್ದು ಮೇಲೆ ಹೋಗುವಷ್ಟರಲ್ಲಿ ಹಳದಿಯಾಗಿ, ಇನ್ನೂ ಮೇಲೆ ಹೋಗುವಷ್ಟರಲ್ಲಿ ಹಸಿರಾಗುತ್ತಿತ್ತು. ಕೊನೆಗೆ ಗ್ರಾಹಕರ ಮುಂದೆ ಎಲ್ಲ ಒಟ್ಟಿಗೆ ಕುಸಿದಾಗ ಬೈಸಿಕೊಂಡವರು ಮೊದಲು ಕೆಂಪು ಅಂದವರೇ. ಅದನ್ನು ಅನುಭವಿಸಿದ್ದರಿಂದ ಕೆಟ್ಟ ಸುದ್ದಿಯನ್ನು ಕರೆದು ಕೂರಿಸಿ ಕೇಳುವ ಮೇಲಧಿಕಾರಿ ಎಷ್ಟು ಅಪರೂಪ ಅನ್ನುವುದು ನನಗೆ ಗೊತ್ತು. ಶ್ರೀವರ್ ಕೂಗಾಡುವ ಮನುಷ್ಯರಾಗಿರಲಿಲ್ಲ. ಮೆಲು ಮಾತು, ಎತ್ತರದ ಆಳು, ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ.

ಕೆಟ್ಟ ಸುದ್ದಿಗೆ ಬರವೂ ಇರಲಿಲ್ಲ. ಮಧ್ಯಮ ದೂರದ ಥಾರ್ ಕ್ಷಿಪಣಿಯನ್ನು ತೆಗೆದುಕೊಳ್ಳಿ. 1957ರ ಜನವರಿ 25ರಂದು ಕೇಪ್ ಕೆನಾವೆರಲ್‌ನಲ್ಲಿ ಮೊದಲನೆಯದು ಕಟ್ಟೆಯಿಂದ ಒಂದಿಷ್ಟು ಮೇಲೆದ್ದು, ಹಾಗೇ ಕೆಳಗೆ ಕೂತು ಸಿಡಿಯಿತು. ದ್ರವ ಆಮ್ಲಜನಕದ ದಾರಿಯಲ್ಲಿ ಕೊಳೆ ಸೇರಿತ್ತು. ಏಪ್ರಿಲ್‌ನಲ್ಲಿ ಎರಡನೆಯದು ಚೆನ್ನಾಗಿ ಏರಿ ಸಮುದ್ರದ ಕಡೆಗೇ ಹೊರಟಿತ್ತು. ಆದರೆ ನೆಲದ ಮೇಲಿನ ಸುರಕ್ಷತಾ ಅಧಿಕಾರಿಯ ಮುಂದಿದ್ದ ಯಂತ್ರಕ್ಕೆ ತಂತಿಯನ್ನು ಉಲ್ಟಾ ಜೋಡಿಸಿದ್ದರು. ಕ್ಷಿಪಣಿ ಊರಿನ ಕಡೆ ತಿರುಗಿದೆ ಅಂತ ಅದು ತೋರಿಸಿತು. ಅವರು ನಿಯಮದ ಪ್ರಕಾರ ಗುಂಡಿ ಒತ್ತಿದರು. ಏನೂ ತಪ್ಪಿಲ್ಲದ ರಾಕೆಟ್ಟು ಆಕಾಶದಲ್ಲೇ ಚೂರಾಯಿತು. ಮೂರನೆಯದು ಹಾರುವ ಮೊದಲೇ ಕಟ್ಟೆಯಲ್ಲಿ ಸಿಡಿಯಿತು. ನಾಲ್ಕನೆಯದು ನಡುದಾರಿಯಲ್ಲಿ ಮುರಿಯಿತು. ಐದನೆಯದು ಸೆಪ್ಟೆಂಬರ್ 20ರಂದು ಗೆದ್ದಿತು. 1979ರಲ್ಲಿ ನಮ್ಮ ಮೊದಲ ಎಸ್‌ಎಲ್‌ವಿ-3 ಉಪಗ್ರಹ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದು, ಮರುವರ್ಷ ಎರಡನೆಯದು ಗೆದ್ದ ಕಥೆ ಬಲ್ಲವರಿಗೆ ಈ ಎಂಟು ತಿಂಗಳು ಹೇಗಿದ್ದಿರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಅಟ್ಲಾಸ್ ಇನ್ನೂ ಸಾಹಸದ ವಸ್ತು. ಅದರ ವಿನ್ಯಾಸ ಮಾಡಿದವರು ಬೆಲ್ಜಿಯಂನಲ್ಲಿ ಹುಟ್ಟಿದ ಕರೆಲ್ ಬೊಸಾರ್ಟ್. ತೂಕ ಉಳಿಸಲು ಅವರು ಒಳಗಿನ ಕಂಬ, ಚೌಕಟ್ಟುಗಳನ್ನೆಲ್ಲ ತೆಗೆದುಹಾಕಿದರು. ಉಳಿದದ್ದು ತುಕ್ಕು ಹಿಡಿಯದ ಉಕ್ಕಿನ ತೆಳು ಹಾಳೆ. ಎಷ್ಟೋ ಕಡೆ ಒಂದು ಮಿಲಿಮೀಟರೂ ದಪ್ಪವಿಲ್ಲ. ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಒಳಗಿನ ಒತ್ತಡದಿಂದಲೇ ಅದು ನೆಟ್ಟಗೆ ನಿಲ್ಲಬೇಕು, ಒತ್ತಡ ಇಳಿದರೆ ಕುಸಿದು ಬೀಳುತ್ತದೆ. 1957ರ ಜೂನ್ 11ರಂದು ಮೊದಲ ಅಟ್ಲಾಸ್ ಹಾರಿ, ಎಂಜಿನ್ ಕೆಟ್ಟು, ಗಾಳಿಯಲ್ಲಿ ಲಾಗ ಹೊಡೆಯಿತು. ಒಂದು ನಿಮಿಷವಾಗುವ ಮೊದಲೇ ಅದನ್ನು ಸಿಡಿಸಬೇಕಾಯಿತು. ಪತ್ರಿಕೆಗಳಿಗೆ ಅದು ಸೋಲು. ಎಂಜಿನಿಯರುಗಳು ಮಾತ್ರ ಬೇರೊಂದನ್ನು ನೋಡಿದರು: ಅಷ್ಟು ಲಾಗ ಹೊಡೆದರೂ ಆ ತೆಳು ಮೈ ಹರಿಯಲಿಲ್ಲ. ಡಿಸೆಂಬರ್ 17ರಂದು, ರೈಟ್ ಸಹೋದರರು ಮೊದಲು ಹಾರಿದ ದಿನದಂದೇ, ಮೂರನೇ ಅಟ್ಲಾಸ್ ಸರಿಯಾಗಿ ಹಾರಿತು.

ಈ ನಡುವೆ ನಡೆದ ಎರಡು ಸಂಗತಿ ಹೇಳಲೇಬೇಕು. ಫೆಬ್ರವರಿಯಲ್ಲಿ ಫಾನ್ ನಾಯ್ಮನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಾಲಿಕುರ್ಚಿಯಲ್ಲಿ ಕೂತು ಸಭೆಗಳಿಗೆ ಬಂದಿದ್ದವರು ಅವರು. ತಮ್ಮ ಲೆಕ್ಕ ಹಾರಿದ್ದನ್ನು ನೋಡಲಿಲ್ಲ. ಅದೇ ತಿಂಗಳು ಶ್ರೀವರ್ ಸಾನ್ ಡಿಯಾಗೋದಲ್ಲಿ ಒಂದು ಭಾಷಣ ಮಾಡಿ, ಮುಂದಿನ ಕಾಲದ ನಿರ್ಣಾಯಕ ಹೋರಾಟ ಬಾಹ್ಯಾಕಾಶದಲ್ಲೇ ನಡೆಯಬಹುದು, ಅಲ್ಲಿ ನಾವು ಮುಂದಿರಬೇಕು ಅಂದರು. ಮರುದಿನವೇ ವಾಷಿಂಗ್ಟನ್‌ನಿಂದ ಸೂಚನೆ ಬಂತು: ಇನ್ನು ಮುಂದೆ ಭಾಷಣದಲ್ಲಿ ಬಾಹ್ಯಾಕಾಶದ ಮಾತು ಎತ್ತಬೇಡಿ. ಎಂಟು ತಿಂಗಳೂ ಕಳೆಯಲಿಲ್ಲ, ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಅಮೆರಿಕದ ತಲೆ ಮೇಲೆ ಸುತ್ತತೊಡಗಿತು. ಆಮೇಲೆ ಎಲ್ಲರಿಗೂ ಇನ್ನೂ ಯಾಕೆ ತಡ ಅನ್ನುವ ಪ್ರಶ್ನೆ.

ಸ್ಪುಟ್ನಿಕ್ ಹೊತ್ತೊಯ್ದದ್ದು ಸೋವಿಯತ್ ರಾಕೆಟ್ ವಿನ್ಯಾಸಕ ಕೊರೊಲ್ಯೋವ್ ಅವರ ಆರ್-7 ರಾಕೆಟ್ಟು. ಅದೂ ಖಂಡಾಂತರ ಕ್ಷಿಪಣಿಯಾಗಿಯೇ ಹುಟ್ಟಿದ್ದು. ಅದೇ ವಂಶದ ರಾಕೆಟ್ಟು 1984ರ ಏಪ್ರಿಲ್ 3ರಂದು ನಮ್ಮ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಅವರನ್ನು ಮೇಲಕ್ಕೆ ಒಯ್ದಿತು. ಈ ಕಡೆಯೂ ಹಾಗೇ. 1962ರಲ್ಲಿ ಜಾನ್ ಗ್ಲೆನ್ ಅವರನ್ನು ಕಕ್ಷೆಗೆ ಸೇರಿಸಿದ್ದು ಅಟ್ಲಾಸ್, ಜೆಮಿನಿ ಯಾತ್ರಿಗಳನ್ನು ಒಯ್ದದ್ದು ಎರಡನೇ ಟೈಟನ್. ಥಾರ್‌ನಿಂದ ಡೆಲ್ಟಾ ರಾಕೆಟ್ಟುಗಳ ದೊಡ್ಡ ಕುಟುಂಬವೇ ಬೆಳೆಯಿತು. ನಗರ ಸುಡಲು ಕಟ್ಟಿದ ಯಂತ್ರವೇ ಮನುಷ್ಯನನ್ನು ಹೊತ್ತು ಹೋದದ್ದು ಸಮಾಧಾನದ ಮಾತು ಹೌದು. ಅಷ್ಟರಿಂದಲೇ ಆ ಯಂತ್ರದ ಹುಟ್ಟು ಮರೆತುಹೋಗಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಮಿನಿಟ್‌ಮ್ಯಾನ್ ವಿಷಯಕ್ಕೆ ಬರೋಣ. ಅಟ್ಲಾಸ್‌ಗೆ ಹಾರುವ ಮುಂಚೆ ಮೈನಸ್ 183 ಡಿಗ್ರಿಯ ಆಮ್ಲಜನಕ ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಎದುರಾಳಿಯ ಬಾಂಬು ಬಿದ್ದರೆ ಮುಗಿಯಿತು. ಕರ್ನಲ್ ಎಡ್ವರ್ಡ್ ಹಾಲ್ ಎಂಬ ಎಂಜಿನಿಯರ್ ಘನ ಇಂಧನದ ಬೆನ್ನು ಬಿದ್ದರು. ತುಂಬಿಸಿಟ್ಟರೆ ವರ್ಷಗಟ್ಟಲೆ ನೆಲದೊಳಗಿನ ಬಾವಿಯಲ್ಲಿ ಸಿದ್ಧವಾಗಿ ನಿಲ್ಲುವ, ಆಜ್ಞೆ ಬಂದರೆ ಒಂದು ನಿಮಿಷದ ಆಸುಪಾಸಿನಲ್ಲಿ ಹೊರಡುವ ಕ್ಷಿಪಣಿ ಅದು. ಹಾಲ್ ಯಾರ ಜತೆಗೂ ಸುಲಭವಾಗಿ ಹೊಂದುವವರಲ್ಲ. ಕೊನೆಗೆ ಅವರನ್ನು ಆ ಯೋಜನೆಯಿಂದ ಬೇರೆಡೆಗೆ ಕಳಿಸಲಾಯಿತು. ಅವರ ತಮ್ಮ ಥಿಯೊಡೋರ್ ಹಾಲ್, ಲಾಸ್ ಅಲಮೋಸ್ ಪ್ರಯೋಗಾಲಯದಿಂದ ಅಣುಬಾಂಬಿನ ಗುಟ್ಟನ್ನು ಸೋವಿಯತ್‌ಗೆ ಕೊಟ್ಟವರು ಅನ್ನುವುದು ಹೊರಬಿದ್ದದ್ದು ಎಷ್ಟೋ ದಶಕಗಳ ನಂತರ. ಒಂದೇ ಮನೆಯ ಇಬ್ಬರು ಮಕ್ಕಳು, ಶೀತಲ ಸಮರದ ಎರಡು ತುದಿ. 1961ರ ಫೆಬ್ರವರಿ 1ರಂದು ಮಿನಿಟ್‌ಮ್ಯಾನ್ ಮೊದಲ ಹಾರಾಟದಲ್ಲೇ ಮೂರು ಹಂತವೂ ಉರಿದು ಗೆದ್ದಿತು. 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾ ಬಿಕ್ಕಟ್ಟಿನ ನಡುವೆಯೇ, ಮೊಂಟಾನಾದ ಬಾವಿಗಳಲ್ಲಿ ಮೊದಲ ಮಿನಿಟ್‌ಮ್ಯಾನ್‌ಗಳು ಸಜ್ಜಾದವು.

ಈಗ ಕ್ಯಾಮೆರಾದ ವಿಷಯ. ಇದನ್ನು ಹೇಳುವುದಕ್ಕೇ ನಾನು ಇಷ್ಟು ಬರೆದದ್ದು.

ಇಷ್ಟೂ ಓಟದ ಹಿಂದೆ ಇದ್ದದ್ದು ಒಂದು ಭಯ. ಸೋವಿಯತ್ ಬಳಿ ಎಷ್ಟು ಕ್ಷಿಪಣಿ ಇವೆ ಅಂತ ಅಮೆರಿಕದ ಯಾರಿಗೂ ಗೊತ್ತಿರಲಿಲ್ಲ. ಸೋವಿಯತ್ ನಾಯಕ ಕ್ರುಶ್ಚೇವ್ ಬಡಾಯಿ ಕೊಚ್ಚುತ್ತಿದ್ದರು. ಅಂದಾಜು ಮಾಡುವವರು ಆ ಬಡಾಯಿಯ ಮೇಲೆ ತಮ್ಮ ಭಯವನ್ನೂ ಸೇರಿಸಿ, ಇನ್ನು ಕೆಲವೇ ವರ್ಷದಲ್ಲಿ ಅವರ ಬಳಿ ನೂರಾರು ಇರುತ್ತವೆ ಅಂತ ಬರೆಯುತ್ತಿದ್ದರು. 1960ರ ಚುನಾವಣೆಯಲ್ಲಿ ಕೆನಡಿ ಈ 'ಕ್ಷಿಪಣಿ ಕೊರತೆ'ಯನ್ನು ದೊಡ್ಡ ವಿಷಯ ಮಾಡಿದರು. ಅಮೆರಿಕದ ಯು-2 ಬೇಹು ವಿಮಾನಗಳು ಎತ್ತರದಿಂದ ಒಂದಷ್ಟು ಚಿತ್ರ ತೆಗೆದಿದ್ದವು. ಆದರೆ 1960ರ ಮೇ 1ರಂದು ಪೈಲಟ್ ಗ್ಯಾರಿ ಪವರ್ಸ್ ಅವರ ಯು-2ವನ್ನು ಸೋವಿಯತ್ ಹೊಡೆದುರುಳಿಸಿತು. ಆ ಕಣ್ಣೂ ಮುಚ್ಚಿತು.

ಶ್ರೀವರ್ ಅವರ ಕಚೇರಿಗೆ 1956ರಲ್ಲೇ ಬೇಹುಗಾರಿಕೆ ಉಪಗ್ರಹದ ಯೋಜನೆ ಬಂದಿತ್ತು. ಅದರಿಂದ ಒಂದು ಭಾಗವನ್ನು ಒಡೆದು, 1958ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತು ವಾಯುಪಡೆ ಸೇರಿ ಗುಟ್ಟಾಗಿ ನಡೆಸಿದ ಯೋಜನೆಯೇ ಕೊರೋನಾ. ಸಿಐಎ ಕಡೆಯಿಂದ ರಿಚರ್ಡ್ ಬಿಸ್ಸೆಲ್, ವಾಯುಪಡೆ ಕಡೆಯಿಂದ ಶ್ರೀವರ್ ಅವರ ಬಲಗೈಯಂತಿದ್ದ ಆಸ್ಮಂಡ್ ರಿಟ್ಲಂಡ್. ಹೊರಗಿನ ಲೋಕಕ್ಕೆ ಹೇಳಿದ್ದು 'ಡಿಸ್ಕವರರ್' ಎಂಬ ವಿಜ್ಞಾನದ ಉಪಗ್ರಹ ಅಂತ. ಥಾರ್ ರಾಕೆಟ್ಟಿನ ಮೇಲೆ ಕೂತು ಅದು ಕಕ್ಷೆಗೆ ಹೋಗಬೇಕು. ಫಿಲ್ಮಿನ ಮೇಲೆ ಚಿತ್ರ ತೆಗೆಯಬೇಕು. ಆ ಫಿಲ್ಮನ್ನು ಒಂದು ಡಬ್ಬಿಯಲ್ಲಿ ಕೆಳಗೆ ಬೀಳಿಸಬೇಕು. ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತಿರುವ ಡಬ್ಬಿಯನ್ನು ಪೆಸಿಫಿಕ್ ಸಮುದ್ರದ ಮೇಲೆ ವಿಮಾನವೊಂದು ಕೊಕ್ಕೆ ಹಾಕಿ ಗಾಳಿಯಲ್ಲೇ ಹಿಡಿಯಬೇಕು. ಇದನ್ನು ಕಾಗದದ ಮೇಲೆ ಬರೆದು ಯಾರಾದರೂ ನನ್ನ ಮುಂದಿಟ್ಟಿದ್ದರೆ ನಾನಂತೂ ಒಪ್ಪುತ್ತಿರಲಿಲ್ಲ.

1959ರ ಫೆಬ್ರವರಿಯಿಂದ ಒಂದಾದ ಮೇಲೊಂದು ಸೋಲು. ಒಂದು ಕಕ್ಷೆ ಸೇರಲಿಲ್ಲ, ಇನ್ನೊಂದರ ಡಬ್ಬಿ ದಿಕ್ಕು ತಪ್ಪಿ ಎಲ್ಲೋ ಹೋಯಿತು. ಬಾಹ್ಯಾಕಾಶದ ನಿರ್ವಾತದಲ್ಲಿ ಫಿಲ್ಮು ಒಣಗಿ ತುಂಡಾಗುತ್ತಿತ್ತು, ಫಿಲ್ಮಿನ ವಸ್ತುವನ್ನೇ ಬದಲಿಸಿ ಪಾಲಿಯೆಸ್ಟರ್ ಮಾಡಬೇಕಾಯಿತು. ಹನ್ನೆರಡು ಪ್ರಯತ್ನ ಹೀಗೆ ಹೋದವು. ಸುಮ್ನೆ ಹನ್ನೆರಡು ಅಂದುಬಿಡಬಹುದು. ಆದರೆ ಹತ್ತನೆಯದು, ಹನ್ನೊಂದನೆಯದು ಹಾಳಾದ ಮೇಲೆ ಇನ್ನೊಂದಕ್ಕೆ ದುಡ್ಡು ಕೇಳಲು ಎದ್ದು ನಿಲ್ಲುವವರ ಎದೆಗಾರಿಕೆ ಯೋಚಿಸಿ. ಐಸೆನ್‌ಹೋವರ್ ಅವರಿಗೂ ಇದರಲ್ಲಿ ಪಾಲು ಕೊಡಬೇಕು, ಅವರು ನಿಲ್ಲಿಸಿ ಅನ್ನಲಿಲ್ಲ. 1960ರ ಆಗಸ್ಟ್ 11ರಂದು ಹದಿಮೂರನೆಯದರ ಡಬ್ಬಿ ಸಮುದ್ರದಲ್ಲಿ ಸಿಕ್ಕಿತು. ಅದರಲ್ಲಿ ಫಿಲ್ಮು ಇರಲಿಲ್ಲ, ಪರೀಕ್ಷೆಗೆ ಅಂತ ಕಳಿಸಿದ್ದು. ಆಗಸ್ಟ್ 18ರಂದು ಹದಿನಾಲ್ಕನೆಯದು ಹೋಯಿತು. ಮರುದಿನ ಹವಾಯಿ ಬಳಿ ಕ್ಯಾಪ್ಟನ್ ಹೆರಾಲ್ಡ್ ಮಿಚೆಲ್ ತಮ್ಮ ಸಿ-119 ವಿಮಾನದಲ್ಲಿ ಎರಡು ಸಲ ಗುರಿ ತಪ್ಪಿ, ಮೂರನೇ ಸಲ ಆ ಪ್ಯಾರಾಚೂಟನ್ನು ಹಿಡಿದರು. ಅದೇ ಆಗಸ್ಟ್ 19ರಂದು ಮಾಸ್ಕೋದಲ್ಲಿ ಗ್ಯಾರಿ ಪವರ್ಸ್ ಅವರಿಗೆ ಶಿಕ್ಷೆ ಓದಿ ಹೇಳಿದರು.

ಆ ಒಂದು ಡಬ್ಬಿಯಲ್ಲಿದ್ದ ಸುಮಾರು 9 ಕಿಲೋ ಫಿಲ್ಮು, ಅಷ್ಟು ವರ್ಷದ ಎಲ್ಲ ಯು-2 ಹಾರಾಟಗಳೂ ಸೇರಿ ತೋರಿಸಿದ್ದಕ್ಕಿಂತ ಜಾಸ್ತಿ ಸೋವಿಯತ್ ನೆಲವನ್ನು ತೋರಿಸಿತು. ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಚಿತ್ರ ಬಂದವು. ವಿಶ್ಲೇಷಕರು ರೈಲು ಹಳಿಗಳನ್ನು ಹಿಂಬಾಲಿಸಿ ಹುಡುಕಿದರು, ಯಾಕೆಂದರೆ ಅಷ್ಟು ದೊಡ್ಡ ಕ್ಷಿಪಣಿ ಹೋಗಬೇಕಾದರೆ ರೈಲೇ ಬೇಕು. 1961ರ ಸೆಪ್ಟೆಂಬರ್‌ನ ಗುಪ್ತ ಅಂದಾಜು ಹೇಳಿದ್ದು: ಸೋವಿಯತ್ ಬಳಿ ಇರುವ ಖಂಡಾಂತರ ಕ್ಷಿಪಣಿಯ ಉಡಾವಣಾ ಕಟ್ಟೆಗಳು 10ರಿಂದ 25, ಅಷ್ಟೇ. ಕೊರತೆ ಇದ್ದದ್ದು ಆ ಕಡೆಗೆ.

ಇಲ್ಲಿ ನಾನು ತುಂಬ ಹೊತ್ತು ನಿಂತುಬಿಡುತ್ತೇನೆ. ಎದುರಾಳಿ ಮುಂದಿದ್ದಾನೆ ಅನ್ನುವ ಭಯದಿಂದ ಕ್ಷಿಪಣಿ ಕಟ್ಟಿದ ಮನೆಯಿಂದಲೇ, ಆ ಭಯ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು ಅನ್ನುವ ಸಾಕ್ಷಿಯೂ ಹೊರಬಂತು. ಆಮೇಲೆ ಏನಾಗಬೇಕಿತ್ತು? ಓಟ ನಿಧಾನವಾಗಬೇಕಿತ್ತು. ಆಗಲಿಲ್ಲ. ಕಾರ್ಖಾನೆ ನಿಂತಿತ್ತು, ಬಾವಿಗಳನ್ನು ತೋಡುತ್ತಿದ್ದರು, ಸಂಸದರಿಗೆ ಉದ್ಯೋಗ ಬೇಕಿತ್ತು, ವಾಯುಪಡೆಗೆ ಇನ್ನೂ ಬೇಕಿತ್ತು. 1967ರ ಹೊತ್ತಿಗೆ ಅಮೆರಿಕದ ನೆಲದಲ್ಲಿ 1,000 ಮಿನಿಟ್‌ಮ್ಯಾನ್‌ಗಳು ನಿಂತವು. ಸೋವಿಯತ್ ಸುಮ್ಮನಿರಲಿಲ್ಲ, ಅವರೂ ಕಟ್ಟಿ ಸರಿಗಟ್ಟಿದರು. ಶ್ರೀವರ್ ಅವರನ್ನು ಗೌರವಿಸುವ ನಾನು ಈ ಮಾತನ್ನು ನುಂಗಿಕೊಂಡು ಬರೆಯಲಾರೆ: ಎಲ್ಲವನ್ನೂ ಒಟ್ಟಿಗೆ ಓಡಿಸುವ ಅವರ ವಿಧಾನ ಗೆದ್ದ ರೀತಿಯಲ್ಲೇ ಅದರ ಕೆಡುಕೂ ಇತ್ತು. ಓಡಿಸುವುದು ಹೇಗೆ ಅಂತ ಅದಕ್ಕೆ ಗೊತ್ತಿತ್ತು, ನಿಲ್ಲಿಸುವ ಕೈ ಅದರಲ್ಲಿ ಇರಲಿಲ್ಲ. ನಿಲ್ಲಿಸಬೇಕಾದವರು ರಾಜಕಾರಣಿಗಳು, ಜನರಲ್ ಅಲ್ಲ ಅಂತ ಹೇಳಬಹುದು. ಒಪ್ಪುತ್ತೇನೆ. ಅಷ್ಟರಿಂದ ನನಗೆ ಪೂರ್ತಿ ನೆಮ್ಮದಿ ಸಿಗುವುದಿಲ್ಲ.

ಹಾಗಿದ್ದರೂ ಕೊರೋನಾ ಮಾಡಿದ ಒಳ್ಳೆಯದು ಸಣ್ಣದಲ್ಲ. ಎದುರಾಳಿಯ ಬಳಿ ಎಷ್ಟಿದೆ ಅಂತ ಎರಡೂ ಕಡೆಯವರು ಮೇಲಿಂದ ಎಣಿಸಬಹುದು ಅನ್ನುವ ಸ್ಥಿತಿ ಬಂದ ಮೇಲೆಯೇ 1972ರಲ್ಲಿ ಮೊದಲ ಆಯುಧ ಮಿತಿ ಒಪ್ಪಂದ ಸಾಧ್ಯವಾಯಿತು. ಎಣಿಸಲಾಗದ್ದಕ್ಕೆ ಮಿತಿ ಹಾಕಲು ಯಾರೂ ಸಹಿ ಮಾಡುವುದಿಲ್ಲ. ಮಿನಿಟ್‌ಮ್ಯಾನ್‌ಗಿಂತ ಕ್ಯಾಮೆರಾ ದೊಡ್ಡದು ಅಂತ ನಾನು ಹೇಳುವುದು ಈ ಕಾರಣಕ್ಕೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1961ರಲ್ಲಿ ಶ್ರೀವರ್ ವಾಯುಪಡೆಯ ಎಲ್ಲ ಹೊಸ ಆಯುಧಗಳ ಅಭಿವೃದ್ಧಿ ನೋಡಿಕೊಳ್ಳುವ ಸಿಸ್ಟಮ್ಸ್ ಕಮಾಂಡ್‌ನ ಮುಖ್ಯಸ್ಥರಾದರು, ನಾಲ್ಕನೇ ನಕ್ಷತ್ರ ಬಂತು. ವಾಯುಪಡೆಯ ಗಗನಯಾತ್ರಿಗಳು ಬಾಹ್ಯಾಕಾಶಕ್ಕೆ ಹೋಗಬೇಕು ಅನ್ನುವುದು ಅವರ ದೊಡ್ಡ ಆಸೆ. ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರ ಅದಕ್ಕೆ ಒಪ್ಪುವವರಲ್ಲ. ರೆಕ್ಕೆಯುಳ್ಳ ಬಾಹ್ಯಾಕಾಶ ವಿಮಾನ ಡೈನಾ-ಸೋರ್ 1963ರಲ್ಲಿ ರದ್ದಾಯಿತು. ಮನುಷ್ಯರಿರುವ ಕಕ್ಷೆಯ ಪ್ರಯೋಗಾಲಯ 1965ರಲ್ಲಿ ಶುರುವಾಗಿ, ಅವರು ನಿವೃತ್ತರಾದ ಮೇಲೆ 1969ರಲ್ಲಿ ನಿಂತುಹೋಯಿತು. ಚಂದ್ರನ ಕೆಲಸ ನಾಸಾಗೆ ಹೋಗಿತ್ತು. 1966ರ ಆಗಸ್ಟ್ 31ರಂದು ಅವರು ಯೂನಿಫಾರ್ಮ್ ಕಳಚಿದಾಗ ವಯಸ್ಸು 55. ವಾಯುಪಡೆಯ ಮುಖ್ಯಸ್ಥರ ಕುರ್ಚಿ ಅವರಿಗೆ ಸಿಗಲಿಲ್ಲ. ಅದು ಆ ಕಾಲದಲ್ಲಿ ವಿಮಾನ ಹಾರಿಸಿಯೇ ಹೆಸರು ಮಾಡಿದವರ ಕುರ್ಚಿ. ಟೋಕಿಯೋದ ಮೇಲೆ ಬೆಂಕಿಮಳೆ ಸುರಿಸಿದ, ಬಾಂಬರ್‌ಗಳ ಮೇಲೆ ಮಾತ್ರ ನಂಬಿಕೆಯಿದ್ದ ಕರ್ಟಿಸ್ ಲಮೇ ಅಲ್ಲಿ ಕೂತಿದ್ದವರು. ಶ್ರೀವರ್ ಮತ್ತು ಲಮೇ ವರ್ಷಗಳ ಕಾಲ ಒಬ್ಬರಿಗೊಬ್ಬರು ಹೊಂದಿದವರಲ್ಲ.

1998ರಲ್ಲಿ ಕೊಲರಾಡೋದ ಫಾಲ್ಕನ್ ವಾಯುನೆಲೆಗೆ ಶ್ರೀವರ್ ಅವರ ಹೆಸರಿಟ್ಟರು. ಬದುಕಿರುವ ಅಧಿಕಾರಿಯ ಹೆಸರನ್ನು ಅಲ್ಲಿನ ವಾಯುನೆಲೆಗೆ ಇಟ್ಟದ್ದು ಅದೇ ಮೊದಲು. ಜಿಪಿಎಸ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದಲೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಫೋನಿನ ನಕ್ಷೆ ನೋಡುವವರೆಲ್ಲ ಆ ನೆಲೆಯ ಕೆಲಸದ ಒಂದು ತುಣುಕನ್ನು ಬಳಸುತ್ತಿದ್ದೇವೆ. 2005ರ ಜೂನ್ 20ರಂದು, 94ರ ವಯಸ್ಸಿನಲ್ಲಿ, ಅವರು ವಾಷಿಂಗ್ಟನ್‌ನಲ್ಲಿ ತೀರಿಕೊಂಡರು.

ಅದಕ್ಕೂ ಹತ್ತು ವರ್ಷ ಮೊದಲು, 1995ರ ಫೆಬ್ರವರಿಯಲ್ಲಿ, ಅಧ್ಯಕ್ಷ ಕ್ಲಿಂಟನ್ ಕೊರೋನಾ ಮತ್ತು ಅದರ ಜತೆಯ ಯೋಜನೆಗಳ ಗುಟ್ಟು ಬಿಡಿಸಿದರು. 1960ರಿಂದ 1972ರವರೆಗಿನ 8,60,000ಕ್ಕೂ ಹೆಚ್ಚು ಚಿತ್ರಗಳು ಹೊರಬಂದವು. ಇವತ್ತು ಅವುಗಳನ್ನು ಜಾಸ್ತಿ ಬಳಸುವವರಲ್ಲಿ ಪುರಾತತ್ವದವರೂ ಇದ್ದಾರೆ. ಸಿರಿಯಾ, ಇರಾಕ್ ಕಡೆ ಅಣೆಕಟ್ಟು, ಹೊಲ, ಊರುಗಳ ಅಡಿಗೆ ಸೇರಿಹೋದ ಪ್ರಾಚೀನ ದಿಬ್ಬಗಳನ್ನು, ಕಾಲುದಾರಿಗಳನ್ನು ಅವರು ಆ ಹಳೇ ಫಿಲ್ಮುಗಳಲ್ಲೇ ಹುಡುಕುತ್ತಾರೆ. ಮಿನಿಟ್‌ಮ್ಯಾನ್‌ಗಳೂ ಇನ್ನೂ ಇವೆ, ಮೂರನೇ ತಲೆಮಾರಿನ ಸುಮಾರು 400, ಮೂರು ನೆಲೆಗಳ ಬಾವಿಗಳಲ್ಲಿ. ಅವುಗಳ ಜಾಗಕ್ಕೆ ಇನ್ನೂ ಹೊಸದನ್ನು ತರುವ ಕೆಲಸ ಅಲ್ಲಿ ನಡೆಯುತ್ತಿದೆ.